ಫೇಲಾದ ಹುಡುಗಿಯ ಹಾಡು

ಟೀವಿ ಸ್ಪರ್ಧೆಯಲ್ಲಿ ಎಂಟು ವರ್ಷದ ಮಗು ವಿರಹಗೀತೆ ಹಾಡಿದ್ರೆ ನನಗೆ ಖುಷಿಯೂ ಆಗುತ್ತೆ, ಒಳಗೊಳಗೇ ಕಸಿವಿಸಿಯೂ ಆಗುತ್ತೆ. ಆಗೆಲ್ಲ ನೆನಪಾಗೋದು ಜಪಾನಿನ ಮಿಸೊರಾ ಹಿಬಾರಿ.

ಹುಟ್ಟಿದ್ದು 1937ರಲ್ಲಿ, ಯೊಕೊಹಾಮಾದ ಮೀನಂಗಡಿಯವರ ಮನೆಯಲ್ಲಿ. ಹೆಸರು ಕಜುಯೆ. ಅಪ್ಪ ಯುದ್ಧಕ್ಕೆ ಹೊರಟಾಗ ಬೀಳ್ಕೊಡುಗೆಯಲ್ಲಿ ಈ ಪುಟ್ಟಿ ಹಾಡಿದಳು. ಬಂದವರು ಕಣ್ಣೊರೆಸಿಕೊಂಡರು. ಮಗಳ ಗಂಟಲಲ್ಲಿ ಏನೋ ಇದೆ ಅಂತ ಅಮ್ಮ ಕಿಮಿಯೆಗೆ ಅವತ್ತೇ ಗೊತ್ತಾಯ್ತು. ಯುದ್ಧ ಮುಗಿದ ಮರುವರ್ಷ ರೇಡಿಯೋ ಸ್ಪರ್ಧೆಗೆ ಕರ್ಕೊಂಡು ಹೋದರೆ ತೀರ್ಪುಗಾರರು ಪಾಸೇ ಮಾಡಲಿಲ್ಲ! ಕಾರಣ, ಚೆನ್ನಾಗಿ ಹಾಡಲಿಲ್ಲ ಅಂತಲ್ಲ. ಮಗು ಮಗುವಿನ ಹಾಗೆ ಹಾಡಲಿಲ್ಲ ಅಂತ.

ಮೂರೇ ವರ್ಷ. 1949ರಲ್ಲಿ, ಹನ್ನೆರಡರ ವಯಸ್ಸಿಗೆ, ಮೊದಲ ರೆಕಾರ್ಡ್ ಬಂತು. ಅದೇ ವರ್ಷದ ಸಿನಿಮಾದಲ್ಲಿ ಎತ್ತರದ ಟೋಪಿ, ಕರಿ ಕೋಟು ತೊಟ್ಟು ಹಾಡಿದ ಅನಾಥ ಹುಡುಗಿಯನ್ನು, ಬಾಂಬಿಗೆ ಮನೆಮಠ ಕಳಕೊಂಡ ಜನ ಎದೆಗಪ್ಪಿಕೊಂಡರು. ಹಿಬಾರಿ ಅಂದರೆ ಮುಗಿಲಿಗೇರಿ ಹಾಡುವ ಪುಟ್ಟ ಹಕ್ಕಿ.

ಆದರೆ ಆ ಅಪ್ಪುಗೆ ಕೆಲವೊಮ್ಮೆ ಸುಡುತ್ತಿತ್ತು ಕೂಡ. 1957ರಲ್ಲಿ ಟೋಕಿಯೋದ ಥಿಯೇಟರ್ ಒಂದರಲ್ಲಿ, ಅವಳದ್ದೇ ವಯಸ್ಸಿನ ಅಭಿಮಾನಿಯೊಬ್ಬಳು ಆಸಿಡ್ ಎರಚಿದಳು. ಹತ್ತೊಂಬತ್ತರ ಹಿಬಾರಿ ಸುಧಾರಿಸಿಕೊಂಡು ಮತ್ತೆ ವೇದಿಕೆ ಹತ್ತಿದಳು. 1962ರಲ್ಲಿ ನಟನೊಬ್ಬನ ಜೊತೆ ಮದುವೆ, ಎರಡೇ ವರ್ಷಕ್ಕೆ ಬೇರೆ. ಬೇರೆಯಾದ ಆ 1964ರಲ್ಲೇ ಟೋಕಿಯೋ ಒಲಿಂಪಿಕ್ಸ್, ಜೂಡೋ ಆಟಕ್ಕೆ ಅಲ್ಲಿ ಮೊದಲ ಪ್ರವೇಶ. ಜೂಡೋ ಕುರಿತ ಅವಳ ‘ಯಾವಾರಾ’ ಮನೆಮನೆ ಮಾತಾಯ್ತು, ಮರುವರ್ಷ ಜಪಾನ್ ರೆಕಾರ್ಡ್ ಪ್ರಶಸ್ತಿಯನ್ನೂ ತಂತು.

ಎಪ್ಪತ್ತರ ದಶಕದಲ್ಲಿ ತಮ್ಮನ ಭೂಗತ ನಂಟಿನ ಗಲಾಟೆ. ಊರೂರಿನ ಸಭಾಂಗಣಗಳು ಬಾಗಿಲು ಹಾಕಿದವು, ವರ್ಷಾಂತ್ಯದ ದೊಡ್ಡ ಟೀವಿ ಕಾರ್ಯಕ್ರಮವೂ ಕೈಬಿಟ್ಟಿತು. ಅವಳು ಮಾತ್ರ ತಮ್ಮನ ಕೈ ಬಿಡಲಿಲ್ಲ. ಸರಿಯೋ ತಪ್ಪೋ, ಅಕ್ಕ ಅಲ್ಲವೇ? ಎಂಬತ್ತರ ದಶಕದಲ್ಲಿ ಅಮ್ಮ ಹೋದರು, ಆಮೇಲೆ ತಮ್ಮಂದಿರಿಬ್ಬರೂ.

1987ರಲ್ಲಿ ಆಸ್ಪತ್ರೆ. ಸೊಂಟದ ಎಲುಬು ಸವೆದಿತ್ತು, ಲಿವರ್ ಕೆಟ್ಟಿತ್ತು. ಆದರೂ 1988ರ ಏಪ್ರಿಲ್ 11ರಂದು ಟೋಕಿಯೋ ಡೋಮ್‌ನಲ್ಲಿ ನಲವತ್ತರ ಹತ್ತಿರ ಹಾಡು ಹಾಡಿದರು. (ನೋಡಿ, ಇಷ್ಟೊತ್ತು ‘ಅವಳು’ ಅಂದೆ, ಇಲ್ಲಿಗೆ ಬಂದಾಗ ಬಾಯಿಗೆ ತಾನಾಗೇ ಬಹುವಚನ ಬರುತ್ತೆ.) ಮರುವರ್ಷ ಜನವರಿಯಲ್ಲಿ ನದಿಯ ಹರಿವಿನಂಥ ಬದುಕಿನ ಹಾಡು ಬಂತು, ಜೂನ್ 24ಕ್ಕೆ ಹೋಗಿಬಿಟ್ಟರು. ಐವತ್ತೆರಡೇ ವರ್ಷ. ರಾಷ್ಟ್ರದ ಜನಗೌರವ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರೇ, ಅದೂ ತೀರಿಕೊಂಡ ಮೇಲೆ.

ಮೊನ್ನೆ ಮೊಮ್ಮಗಳಿಗೆ ಆ ಡೋಮ್ ಕಾರ್ಯಕ್ರಮದ ವಿಡಿಯೋ ತೋರಿಸಿದೆ. ಕೊನೆಯ ಹಾಡಾದ ಮೇಲೆ ಜನರ ನಡುವಿನ ಉದ್ದನೆ ಹಾದಿಯಲ್ಲಿ ಅವರು ನಗುತ್ತಾ, ಕೈಬೀಸುತ್ತಾ, ನಿಧಾನವಾಗಿ ನಡೀತಾರೆ.

“ಅಜ್ಜಿ, ಇವ್ರಿಗೆ ಕಾಲು ನೋಯ್ತಿದ್ಯಾ?” ಅಂದಳು.