ತೇಜೋ ದಡದಿಂದ ತುಂಗಭದ್ರೆಗೆ

ನಿಮಗಿದು ಗೊತ್ತೆ? ಲಿಸ್ಬನ್ನಿನ ತೇಜೋ ನದಿಯನ್ನೂ ಹಂಪಿಯ ತುಂಗಭದ್ರೆಯನ್ನೂ ಒಂದೇ ಕಥೆಯಲ್ಲಿ ಕೂಡಿಸಿದ ಲೇಖಕರು ಸಂಡೂರಿನವರು. ವಸುಧೇಂದ್ರರ ‘ತೇಜೋ-ತುಂಗಭದ್ರಾ’ (2019) ಓದಿ ಹಂಪಿಗೆ ಹೋದರೆ, ಅಲ್ಲಿನ ಬಜಾರು ಬರೀ ಕಲ್ಲುಕಂಬಗಳ ಸಾಲಾಗಿ ಕಾಣುವುದಿಲ್ಲ. ಜನ ತುಂಬಿದ ಬೀದಿಯಾಗುತ್ತದೆ.

1520ರ ಸುಮಾರಿಗೆ ನಿಜಕ್ಕೂ ಪೋರ್ಚುಗೀಸ್ ಪ್ರವಾಸಿಯೊಬ್ಬ ಇಲ್ಲಿಗೆ ಬಂದಿದ್ದ. ಹೆಸರು ಡೊಮಿಂಗೊ ಪಾಯೆಸ್. ಗುಡ್ಡ ಹತ್ತಿ ನೋಡಿ, ಈ ನಗರ ರೋಮ್‌ನಷ್ಟು ದೊಡ್ಡದೆಂದು ಬರೆದ. ಇಂದಿನ ಹೊಸಪೇಟೆ ಆಗ ಕೃಷ್ಣದೇವರಾಯ ಕಟ್ಟಿಸಿದ ಹೊಚ್ಚಹೊಸ ಊರು. ಪಾಯೆಸನ ಬರಹವನ್ನು ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿಗೆ ತಂದರು. ಅದನ್ನೂ ಓದಿಕೊಂಡು, ಬೆಳಗಿನ ತಂಪಿನಲ್ಲೇ ಮತಂಗ ಬೆಟ್ಟ ಹತ್ತಿ. ಕಂಪ್ಲಿಯನ್ನೂ ಬಿಡಬೇಡಿ: ನಂಜುಂಡ ಕವಿಯ ಕಾವ್ಯನಾಯಕ ಕುಮಾರರಾಮನ ನಾಡದು.