ಟಾರ್ಚಿಗೇಕೆ ನಿಮ್ಮ ವಿಳಾಸ?

ಹೊಸ ಸ್ಮಾರ್ಟ್‌ಫೋನ್ ಕೊಂಡವರು ಮೊದಲು ಹಾಕಿಕೊಳ್ಳಲೇಬೇಕಾದ ಹತ್ತು ಆ್ಯಪ್ ಯಾವುವು ಎಂದು ಓದುಗರೊಬ್ಬರು ಕೇಳಿದ್ದಾರೆ. ಯೂಟ್ಯೂಬಿನಲ್ಲಿ ಇಂಥ ಪಟ್ಟಿಗಳಿಗೇನೂ ಬರವಿಲ್ಲ. ಟಾರ್ಚ್, ರ‍್ಯಾಮ್ ಬೂಸ್ಟರ್, ಬ್ಯಾಟರಿ ಸೇವರ್, ಆ್ಯಂಟಿವೈರಸ್ ಎಂದು ಅವು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತವೆ. ಇವುಗಳಲ್ಲಿ ಒಂದೂ ಬೇಡ ಎಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳಲು ಟಾರ್ಚಿನಿಂದಲೇ ಶುರುಮಾಡುತ್ತೇನೆ.

2013ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 'ಬ್ರೈಟೆಸ್ಟ್ ಫ್ಲಾಶ್‌ಲೈಟ್' ಎಂಬ ಉಚಿತ ಆ್ಯಪಿನ ಕಂಪನಿಯನ್ನು ತರಾಟೆಗೆ ತೆಗೆದುಕೊಂಡಿತು. ಕೋಟಿಗಟ್ಟಲೆ ಸಲ ಡೌನ್‌ಲೋಡ್ ಆಗಿದ್ದ ಆ್ಯಪ್ ಅದು. ಬೆಳಕು ಕೊಡುತ್ತಲೇ ಅದು ಫೋನು ಎಲ್ಲಿದೆ, ಅದರ ಗುರುತಿನ ಸಂಖ್ಯೆ ಏನು ಎಂಬುದನ್ನೆಲ್ಲ ಜಾಹೀರಾತು ಜಾಲಗಳಿಗೆ ರವಾನಿಸುತ್ತಿತ್ತು. ಷರತ್ತುಗಳನ್ನು ನಿರಾಕರಿಸಲು ಒಂದು ಗುಂಡಿಯನ್ನೇನೋ ಇಟ್ಟಿದ್ದರು. ಆದರೆ ಅದನ್ನು ಒತ್ತಲು ನೀವು ಬೆರಳೆತ್ತುವ ಮೊದಲೇ ಮಾಹಿತಿ ಹೊರಟುಹೋಗಿರುತ್ತಿತ್ತು.

ಆ ಕಾಲಕ್ಕೆ ಟಾರ್ಚ್ ಆ್ಯಪಿಗೆ ಒಂದು ಅರ್ಥವಾದರೂ ಇತ್ತು. ದೀಪ ಕ್ಯಾಮೆರಾದ ಅಂಗವಾದ್ದರಿಂದ ಅದನ್ನು ಹೊತ್ತಿಸಲು ಕ್ಯಾಮೆರಾದ ಅನುಮತಿಯೂ ಬೇಕಿತ್ತು. 2013ರಲ್ಲಿ ಐಫೋನಿಗೆ, ಮರುವರ್ಷ ಆಂಡ್ರಾಯ್ಡ್ 5ಕ್ಕೆ ಟಾರ್ಚಿನ ಗುಂಡಿ ಒಳಗೇ ಬಂತು. ಅಲ್ಲಿಗೆ ಆ ಆ್ಯಪುಗಳ ಕೆಲಸ ಮುಗಿಯಬೇಕಿತ್ತು. ಇವತ್ತಿಗೂ ಪ್ಲೇಸ್ಟೋರಿನಲ್ಲಿ ಹುಡುಕಿದರೆ ಸಾಲುಸಾಲು ಸಿಗುತ್ತವೆ.

ಆ್ಯಪೊಂದು ಏನನ್ನು ಮುಟ್ಟಬಹುದು, ಏನನ್ನು ಮುಟ್ಟಬಾರದು ಎಂದು ನಿರ್ಧರಿಸುವವರು ಯಾರು? ಬೆಂಗಳೂರು, ಮೈಸೂರಿನ ಹಳೆಯ ವಠಾರವೊಂದನ್ನು ನೆನೆಸಿಕೊಳ್ಳಿ. ಸಾಲಾಗಿ ಒಂದೊಂದು ಕೋಣೆಯ ಮನೆಗಳು, ಅಂಗಳದಲ್ಲಿ ಒಂದೇ ನಲ್ಲಿ, ಮೂಲೆಯಲ್ಲಿ ಬಚ್ಚಲು. ಪ್ರತಿ ಬಾಡಿಗೆದಾರನಿಗೂ ತನ್ನದೇ ಕೋಣೆ, ತನ್ನದೇ ಬೀಗ. ಪಕ್ಕದ ಮನೆಯ ಸಾರಿನ ಒಗ್ಗರಣೆ ಮೂಗಿಗೆ ಬಡಿದರೂ ಒಳಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆಯುವಂತಿಲ್ಲ. ನಲ್ಲಿ, ತಾರಸಿ, ಮೀಟರ್ ಬೋರ್ಡು ಎಲ್ಲರಿಗೂ ಸೇರಿದ್ದು. ಅವನ್ನು ಯಾರು, ಯಾವಾಗ ಬಳಸಬೇಕೆಂದು ನೋಡಿಕೊಳ್ಳಲು ಒಬ್ಬ ಪಾರುಪತ್ತೆಗಾರ. ಫೋನಿನ ವಠಾರದ ಮಾಲೀಕರು ನೀವು, ಪಾರುಪತ್ತೆಗಾರ ಆಂಡ್ರಾಯ್ಡ್ ಮತ್ತು ಅದರ ತಳದಲ್ಲಿರುವ ಲಿನಕ್ಸ್ ಕರ್ನೆಲ್. ಬ್ಯಾಂಕಿನ ಆ್ಯಪ್ ತನ್ನ ಕೋಣೆಯಲ್ಲಿಟ್ಟ ಕಡತವನ್ನು ಪಕ್ಕದ ಲೂಡೊ ಆಟ ತೆರೆದು ನೋಡಲಾರದು. ಕ್ಯಾಮೆರಾ, ಮೈಕು, ಫೋನ್ ನಂಬರುಗಳ ಪಟ್ಟಿ, ಎಸ್ಸೆಮ್ಮೆಸ್ಸು ಇವೆಲ್ಲ ಅಂಗಳದ ಸೊತ್ತು. ಬೇಕೆಂದರೆ ಮಾಲೀಕರನ್ನು ಕೇಳಬೇಕು.

ಸ್ವಾರಸ್ಯವೆಂದರೆ ಈ ವಠಾರದ ನಕ್ಷೆಯನ್ನು ಫೋನಿಗಾಗಿ ಬರೆದದ್ದೇ ಅಲ್ಲ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟತೊಡಗಿದಾಗ ಕಂಪ್ಯೂಟರೆಂದರೆ ಬೀರುವಿನಷ್ಟು ದೊಡ್ಡ, ದುಬಾರಿ ಯಂತ್ರ. ಒಂದನ್ನೇ ಹಲವರು ಹಂಚಿಕೊಳ್ಳಬೇಕಿತ್ತು. ಒಬ್ಬರ ಕಡತಕ್ಕೆ ಇನ್ನೊಬ್ಬರು ಕೈಹಾಕದಂತೆ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟರು. ಯಾರು ಓದಬಹುದು, ಯಾರು ತಿದ್ದಬಹುದು ಎಂದು ಪ್ರತಿ ಕಡತದ ಮೇಲೂ ಗುರುತು ಹಾಕಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ಕೂಡ ಇದೇ ಪದ್ಧತಿಯನ್ನು ಅನುಸರಿಸಿತು. ಅದೇ ಲಿನಕ್ಸನ್ನು ತಳದಲ್ಲಿಟ್ಟುಕೊಂಡು 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂತು. ಆದರೆ ಫೋನು ಒಬ್ಬರ ಜೇಬಿನ ವಸ್ತು. ಹಲವರಿಗೆಂದು ಮಾಡಿದ ಸಂಖ್ಯೆಗಳಿಗೆ ಅಲ್ಲಿ ಏನು ಕೆಲಸ? ಆಂಡ್ರಾಯ್ಡ್ ಕಟ್ಟಿದವರು ಅವನ್ನೆಲ್ಲ ಆ್ಯಪುಗಳಿಗೆ ಹಂಚಿಬಿಟ್ಟರು! ನೀವು ಹಾಕಿಕೊಳ್ಳುವ ಆ್ಯಪುಗಳಿಗೆ 10,000ದಿಂದ ಮೇಲಕ್ಕೆ ಒಂದೊಂದು ಸಂಖ್ಯೆ ಸಿಗುತ್ತದೆ. ಕರ್ನೆಲ್ಲಿನ ಲೆಕ್ಕದಲ್ಲಿ ವಾಟ್ಸಾಪ್ ಒಬ್ಬ ಆಸಾಮಿ, ಲೂಡೊ ಇನ್ನೊಬ್ಬ ಆಸಾಮಿ. ಇಡೀ ಆಂಡ್ರಾಯ್ಡಿನಲ್ಲಿ ನನಗೆ ಅತಿ ಇಷ್ಟವಾದ ಜಾಣತನ ಇದು. ಫೋನಿನ ಜಾಹೀರಾತುಗಳಿಗೆ ಮಾತ್ರ ಮೆಗಾಪಿಕ್ಸೆಲ್ ಬಿಟ್ಟು ಬೇರೆ ಮಾತಿಲ್ಲ.

ಬಾಡಿಗೆದಾರನಿಗೆ ಎಷ್ಟು ಬೀಗದಕೈ ಕೊಡಬೇಕೆಂಬುದಕ್ಕೂ ಹಳೆಯ ಸೂತ್ರವಿದೆ. 1975ರಲ್ಲಿ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೇಲ್ ಶ್ರೋಡರ್ ಬರೆದ ಪ್ರಬಂಧವನ್ನು ಕಂಪ್ಯೂಟರ್ ಭದ್ರತೆ ಕಲಿಯುವವರು ಈಗಲೂ ಓದುತ್ತಾರೆ. ಪ್ರೋಗ್ರಾಮಿಗೆ ಅದರ ಕೆಲಸ ನಡೆಯಲು ಬೇಕಾದಷ್ಟೇ ಅಧಿಕಾರ ಕೊಡಿ, ಹೆಚ್ಚಿಗೆ ಬೇಡ ಎಂಬುದು ಅದರಲ್ಲಿನ ಒಂದು ಮುಖ್ಯ ಮಾತು. ಮೊದಮೊದಲ ಆಂಡ್ರಾಯ್ಡ್ ಇದನ್ನು ಜಾರಿಗೆ ತರುವ ಹೊಣೆಯನ್ನು ನಮ್ಮ ತಲೆಗೇ ಕಟ್ಟಿತ್ತು. ಆ್ಯಪ್ ಹಾಕುವ ಮುಂಚೆ ಅನುಮತಿಗಳ ಉದ್ದನೆಯ ಪಟ್ಟಿ. ಒಪ್ಪಿದರೆ ಎಲ್ಲವನ್ನೂ ಒಪ್ಪಬೇಕು, ಇಲ್ಲವಾದರೆ ಆ್ಯಪೇ ಇಲ್ಲ. 2012ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಏಡ್ರಿಯನ್ ಪೋರ್ಟರ್ ಫೆಲ್ಟ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಈ ಪಟ್ಟಿಯತ್ತ ಗಮನ ಕೊಟ್ಟವರು ಶೇ 17 ಮಂದಿ ಮಾತ್ರ. ಅನುಮತಿಗಳ ಅರ್ಥದ ಬಗ್ಗೆ ಕೇಳಿದ ಮೂರೂ ಪ್ರಶ್ನೆಗಳಿಗೆ ಸರಿಯುತ್ತರ ಕೊಟ್ಟವರು ಶೇ 3. ಜನ ದಡ್ಡರೆಂದು ಇದರ ಅರ್ಥವಲ್ಲ. ಟಾರ್ಚ್ ಬೇಕಾದವನು ಕತ್ತಲಲ್ಲಿ ನಿಂತಿರುತ್ತಾನೆ. ಕರಾರುಪತ್ರ ಓದುವ ಹೊತ್ತಲ್ಲ ಅದು.

2015ರ ಆಂಡ್ರಾಯ್ಡ್ 6 ಬಂದಮೇಲೆ ಪರಿಸ್ಥಿತಿ ಸುಧಾರಿಸಿತು. ಅನುಮತಿಯನ್ನು ಬೇಕಾದಾಗಲೇ ಕೇಳಬೇಕು. ಒಂದನ್ನು ಕೊಟ್ಟು ಇನ್ನೊಂದಕ್ಕೆ ಇಲ್ಲ ಎನ್ನಬಹುದು. 2020ರ ಆಂಡ್ರಾಯ್ಡ್ 11ರಲ್ಲಿ 'ಈ ಸಲಕ್ಕೆ ಮಾತ್ರ' ಎನ್ನುವ ಆಯ್ಕೆ ಬಂತು. ಮರುವರ್ಷದಿಂದ ಮೈಕು, ಕ್ಯಾಮೆರಾ ಚಾಲೂ ಇದ್ದಾಗ ಪರದೆಯ ಮೂಲೆಯಲ್ಲಿ ಹಸಿರು ಚುಕ್ಕಿ ಕಾಣುತ್ತದೆ.

ಒಂದು ಬಾಗಿಲಿಗೆ ಮಾತ್ರ ಇನ್ನೂ ಅಗುಳಿ ಹಾಕಿಲ್ಲ. ಇಂಟರ್ನೆಟ್ ಬೇಕೆಂದು ಆ್ಯಪ್ ಬರೆದುಕೊಂಡಿದ್ದರೆ ಆಂಡ್ರಾಯ್ಡ್ ನಿಮ್ಮನ್ನು ಕೇಳದೆ ಕೊಟ್ಟುಬಿಡುತ್ತದೆ. ಆಂಡ್ರಾಯ್ಡಿನ ಒಡೆಯ ಗೂಗಲ್ಲಿಗೆ ಆದಾಯದ ಬಹುಪಾಲು ಬರುವುದು ಜಾಹೀರಾತಿನಿಂದ ಎಂಬುದನ್ನು ಇದರ ಜತೆಗಿಟ್ಟು ನೋಡಿ.

ಆದ್ದರಿಂದಲೇ ಅತಿ ಎಚ್ಚರದಿಂದ ಆರಿಸಬೇಕಾದದ್ದು ಕೀಲಿಮಣೆ. ಕನ್ನಡ ಬರೆಯುವವರು ಫೋನು ಕೈಗೆ ಬಂದೊಡನೆ ಹುಡುಕುವುದೂ ಅದನ್ನೇ. ವಠಾರದ ಎಲ್ಲ ಮನೆಗಳ ಕಾಗದಗಳನ್ನೂ ಬರೆದುಕೊಡುವ ಬಾಡಿಗೆದಾರ ಅದು. ಪಾಸ್‌ವರ್ಡ್ ಇರಲಿ, ಮಗಳಿಗೆ ಬರೆದ ಸಂದೇಶವಿರಲಿ, ಪ್ರತಿ ಅಕ್ಷರವೂ ಅದರ ಕೈದಾಟಿಯೇ ಹೋಗಬೇಕು. ಹೊಸ ಕೀಲಿಮಣೆ ಹಾಕುವಾಗ ಆಂಡ್ರಾಯ್ಡ್ ಇದನ್ನೇ ಎಚ್ಚರಿಸುತ್ತದೆ. ನಾವು 'ಸರಿ' ಒತ್ತಿ ಮುಂದೆ ಹೋಗುತ್ತೇವೆ. ಗೂಗಲ್ಲಿನದೇ ಆದ ಜೀಬೋರ್ಡಿನಲ್ಲಿ ಕನ್ನಡವಿದೆ, ಅದು ಸಾಕೆನಿಸಿದರೆ ಬೇರೆಯದರ ಹಂಗು ಬೇಡ. ಕೆ.ಪಿ. ರಾವ್ ವಿನ್ಯಾಸಕ್ಕೆ ಬೆರಳು ಒಗ್ಗಿಹೋದವರು ಬೇರೆ ಆ್ಯಪ್ ಹುಡುಕುವುದಾದರೆ ಪ್ಲೇಸ್ಟೋರಿನಲ್ಲಿ ಅದರ ಅನುಮತಿಗಳ ಪಟ್ಟಿ ತೆರೆದು, ಇಂಟರ್ನೆಟ್ಟನ್ನೇ ಕೇಳದ ಕೀಲಿಮಣೆ ಸಿಕ್ಕರೆ ಅದನ್ನೇ ಆರಿಸಿ. ಐಫೋನಿನಲ್ಲಿ ಹೊರಗಿನ ಕೀಲಿಮಣೆಗಳಿಗೆ ನೀವು ಪೂರ್ಣ ಅನುಮತಿ ಕೊಡುವವರೆಗೂ ಇಂಟರ್ನೆಟ್ ಸಿಗುವುದಿಲ್ಲ.

ರ‍್ಯಾಮ್ ಬೂಸ್ಟರುಗಳ ಬಗ್ಗೆ ಹೆಚ್ಚು ಬರೆಯುವುದೂ ದಂಡ. ಖಾಲಿ ರ‍್ಯಾಮ್ ಬ್ಯಾಟರಿ ಉಳಿಸುವುದಿಲ್ಲ. ಮುಚ್ಚಿದ ಆ್ಯಪನ್ನು ಮತ್ತೆ ಮೊದಲಿನಿಂದ ಎಬ್ಬಿಸುವುದಕ್ಕೇ ಹೆಚ್ಚು ಶಕ್ತಿ ಬೇಕು. ಜಾಗ ಸಾಲದಿದ್ದರೆ ಆಂಡ್ರಾಯ್ಡೇ ಹಳೆಯದನ್ನು ಹೊರಹಾಕುತ್ತದೆ. ಆ್ಯಂಟಿವೈರಸ್? ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಸಂಸ್ಥೆ 2019ರಲ್ಲಿ 250 ಆಂಡ್ರಾಯ್ಡ್ ಆ್ಯಂಟಿವೈರಸ್ ಆ್ಯಪುಗಳನ್ನು ಪರೀಕ್ಷಿಸಿದಾಗ, ಕೆಟ್ಟ ಆ್ಯಪುಗಳಲ್ಲಿ ಶೇ 30ಕ್ಕಿಂತ ಹೆಚ್ಚನ್ನು ಗುರುತಿಸಿ ತೇರ್ಗಡೆಯಾದವು 80 ಮಾತ್ರ.

ಹಾಗಿದ್ದರೆ ಬೇಕಾದ್ದೇನು? ನಿಮ್ಮ ಬ್ಯಾಂಕಿನದೊಂದು, ಯುಪಿಐಗೆ ಒಂದು, ದಾಖಲೆಗಳಿಗೆ ಡಿಜಿಲಾಕರ್, ಮಾತುಕತೆಗೆ ವಾಟ್ಸಾಪ್, ಕನ್ನಡದ ಕೀಲಿಮಣೆ. ಹತ್ತರ ಲೆಕ್ಕ ತುಂಬಿಸುವ ಹಟ ಬೇಡ. ಇವುಗಳಲ್ಲಿ ಯುಪಿಐ ಆ್ಯಪ್ ಎಸ್ಸೆಮ್ಮೆಸ್ ಅನುಮತಿ ಕೇಳಿದರೆ ಗಾಬರಿಯಾಗಬೇಕಿಲ್ಲ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಇದೇ ಫೋನಿನಲ್ಲಿದೆಯೇ ಎಂದು ತಿಳಿಯಲು ಅದು ನಿಮ್ಮ ಸಿಮ್ಮಿನಿಂದಲೇ ಒಂದು ಗೂಢ ಸಂದೇಶ ಕಳಿಸುತ್ತದೆ. ಸಂದೇಶ ಯಾವ ನಂಬರಿನಿಂದ ಬಂತೆಂದು ನೋಡಿ ಆ ಕಡೆಯವರು ಫೋನನ್ನು ಖಾತೆಗೆ ಜೋಡಿಸುತ್ತಾರೆ. ಕೆಲಸಕ್ಕೂ ಕೇಳಿದ್ದಕ್ಕೂ ಇಲ್ಲಿ ತಾಳೆಯಾಗುತ್ತದೆ.

ಮದುವೆಯ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಕೆವೈಸಿ ಎಂಬ ಹೆಸರು ಹೊತ್ತು ವಾಟ್ಸಾಪಿಗೆ ಬಂದಿಳಿಯುವ ಎಪಿಕೆ ಎಂಬ ಆ್ಯಪ್ ಫೈಲು ಅದೇ ಅನುಮತಿ ಕೇಳಿದರೆ ತಾಳೆಯಾಗದು. ಕರೆಯೋಲೆಗೆ ನಿಮ್ಮ ಎಸ್ಸೆಮ್ಮೆಸ್ ಓದುವ ಕೆಲಸವೇನು? ಅದಕ್ಕೆ ಬೇಕಾದದ್ದು ನಿಮ್ಮ ಓಟಿಪಿ. ಪ್ಲೇಸ್ಟೋರಿನಲ್ಲಿ ಈ ಅನುಮತಿಗೆ 2019ರಿಂದ ಬಿಗಿ ನಿಯಮವಿದೆ. ಅದನ್ನು ತಪ್ಪಿಸಲು ಕಳ್ಳರಿಗೆ ಸುಲಭದ ದಾರಿ ಸ್ಟೋರಿನ ಕಡೆ ಹೋಗದಿರುವುದು. ಇದಕ್ಕಿಂತ ಅಪಾಯಕಾರಿ 'ಆ್ಯಕ್ಸೆಸಿಬಿಲಿಟಿ' ಅನುಮತಿ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳಲೆಂದೂ ಅವರ ಪರವಾಗಿ ಗುಂಡಿ ಒತ್ತಲೆಂದೂ ಮಾಡಿದ ಒಳ್ಳೆಯ ಏರ್ಪಾಡು ಅದು. ಕಳ್ಳ ಆ್ಯಪಿಗೆ ಅದು ಸಿಕ್ಕಿಬಿಟ್ಟರೆ ಗೋಡೆ, ಬೀಗ ಯಾವುದೂ ಲೆಕ್ಕಕ್ಕಿಲ್ಲ. ಪರದೆಯ ಮೇಲಿರುವುದನ್ನೆಲ್ಲ ಅದು ಓದಬಲ್ಲದು, ನಿಮ್ಮ ಬದಲು 'ಒಪ್ಪಿಗೆ' ಕೂಡ ಒತ್ತಬಲ್ಲದು. 2022ರ ಆಂಡ್ರಾಯ್ಡ್ 13ರಿಂದ ಹೊರಗಿನಿಂದ ತಂದು ಹಾಕಿದ ಆ್ಯಪುಗಳಿಗೆ ಇದನ್ನು ಕೊಡುವುದು ಕಷ್ಟವಾಗಿದೆ, ಅಸಾಧ್ಯವೇನೂ ಆಗಿಲ್ಲ.

ಅಂಥ ಫೈಲನ್ನು ಮನೆಯಲ್ಲಿ ಯಾರಾದರೂ ಈಗಾಗಲೇ ಒತ್ತಿದ್ದರೆ ಬೈಯುತ್ತ ಕೂರಬೇಡಿ. ಮೊದಲು ಆ ಫೋನಿನ ಇಂಟರ್ನೆಟ್ ಕಡಿದು, ಸಿಮ್ ಹೊರತೆಗೆಯಿರಿ. ಬೇರೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.