ಒಂದೇ ನೆಲ್ಲಿಮರ, ಮೂರು ಮಾತು

ಮಕ್ಕಳೇ, ಯಳಂದೂರಿನ ಕಡೆಯಿಂದ ಬಿಳಿಗಿರಿರಂಗನ ಬೆಟ್ಟ ಹತ್ತಿದವರು ರಂಗನಾಥಸ್ವಾಮಿಗೆ ಕೈಮುಗಿಯುತ್ತಾರೆ. ಬೆಟ್ಟದ ಸೋಲಿಗರಿಗೆ ಆ ಸ್ವಾಮಿ ‘ಭಾವ’! ತಮ್ಮ ಕುಲದ ಹುಡುಗಿ ಕುಸುಮಾಲೆಯನ್ನು ರಂಗಯ್ಯ ಮದುವೆಯಾದ ಎಂಬುದು ಅವರ ಕಥೆ. ಒಬ್ಬರಿಗೆ ಒಡೆಯನಾದ ದೇವರು ಇನ್ನೊಬ್ಬರಿಗೆ ನೆಂಟ. ಕೂಡಿ ಕೆಲಸ ಮಾಡುವಾಗಲೂ ಹೀಗೆ ಬೇರೆ ಬೇರೆ ನಂಬಿಕೆಯವರು ಹೊಂದಿಕೊಳ್ಳುವುದು ಹೇಗೆ? ಇದೇ ಬೆಟ್ಟದ ನೆಲ್ಲಿಮರದ ಕಥೆ ಕೇಳಿ.

ಜೇನು, ನೆಲ್ಲಿಕಾಯಿ, ಸೀಗೆ, ಪಾಚಿ ಇವೆಲ್ಲ ಸೋಲಿಗರಿಗೆ ಕಾಡು ಕೊಡುವ ಅನ್ನ. 1974ರಲ್ಲಿ ಈ ಕಾಡು ಅಭಯಾರಣ್ಯವಾಯಿತು. ಕಾಡಿಗೆ ಬೆಂಕಿ ಹಾಕುವುದು ನಿಂತಿತು. ಬೆಂಕಿ ಎಳೆಯ ಸಸಿಗಳನ್ನು ಸುಡುತ್ತದೆ, ಗಾಳಿ ಬೀಸಿದರೆ ಗುಡ್ಡಕ್ಕೇ ಹರಡುತ್ತದೆ ಎಂಬುದು ಅರಣ್ಯ ಇಲಾಖೆಯ ಭಯ. ಅದು ಸುಳ್ಳಲ್ಲ.

ಸೋಲಿಗರ ಹಿರಿಯರ ಮಾತೇ ಬೇರೆ. ಬಿಸಿಲು ಏರುವ ಮೊದಲೇ ಒಣ ಎಲೆಗೆ ಹಾಕುವ ಸಣ್ಣ ‘ತರಗು ಬೆಂಕಿ’ ಬಂದಳಿಕೆಯನ್ನೂ ಲಂಟಾನವನ್ನೂ ಹದ್ದಿನಲ್ಲಿಡುತ್ತಿತ್ತು. ಬೆಂಕಿ ನಿಂತ ಮೇಲೆ ಅವು ಹೆಚ್ಚಿದವು ಎನ್ನುತ್ತಾರೆ ಅವರು. ಬಂದಳಿಕೆ ಗೊತ್ತಲ್ಲ? ಬೇರೆ ಮರದ ಕೊಂಬೆಯ ಮೇಲೆ ಬೆಳೆದು ಅದರ ಸಾರ ಹೀರುವ ಗಿಡ. ನೆಲ್ಲಿಮರಕ್ಕೆ ಅದು ದೊಡ್ಡ ಶತ್ರು.

ಮೂರನೆಯವರು ಸಂಶೋಧಕರು. ಜನ ಕೊಂಬೆ ಕಡಿಯುವುದರಿಂದ, ಕಾಯಿ ಹೆಚ್ಚು ಕೀಳುವುದರಿಂದ ಮರಗಳು ಕಡಿಮೆಯಾಗುತ್ತವೆಯೇ ಎಂಬುದು ಅವರ ಪ್ರಶ್ನೆ. ‘ಏಟ್ರೀ’ ಸಂಸ್ಥೆಯವರು ತಾವೇ ಉತ್ತರ ಹೇಳಿಬಿಡಲಿಲ್ಲ. ಸೋಲಿಗರ ಜೊತೆ ಕಾಡಿಗೆ ಹೋದರು. ಮರದಲ್ಲಿ ಕಾಯಿ ಎಷ್ಟಿದೆ, ಎಷ್ಟು ಕಿತ್ತರು, ಸಸಿ ಎಷ್ಟು ಹುಟ್ಟಿದೆ ಎಂದು ಕೂಡಿ ಲೆಕ್ಕ ಹಾಕಿದರು. ಬಂದಳಿಕೆಯ ಬಗ್ಗೆ ಹಿರಿಯರು ಹೇಳಿದ್ದೂ ಸಂಶೋಧನೆಯ ವಿಷಯವಾಯಿತು.

2011ರಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕೂ ಸಿಕ್ಕಿತು. ಹುಲಿಗೂ ಜಾಗ ಬೇಕು, ಮನುಷ್ಯನಿಗೂ ಬೇಕು. ಬೆಂಕಿಯ ವಿಷಯದಲ್ಲಿ ಮಾತ್ರ ಎಲ್ಲರೂ ಒಪ್ಪಿದ್ದಾರೆ ಎನ್ನುವಂತಿಲ್ಲ. ಆದರೂ ನೆಲ್ಲಿಮರ ಉಳಿಯಬೇಕೆಂಬ ಆಸೆ ಮೂವರದೂ ಒಂದೇ.

ಬೆಟ್ಟದ ಆಸ್ಪತ್ರೆಯ ಕಥೆಯೂ ಇಂಥದ್ದೇ. 1981ರಲ್ಲಿ ಡಾ. ಎಚ್. ಸುದರ್ಶನ್ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದರು. ನಗರದಲ್ಲಿ ಓದಿ ಬಂದ ಈ ವೈದ್ಯರು ಸೋಲಿಗರ ನಾಟಿ ಔಷಧಿಯನ್ನು ಮೂಢನಂಬಿಕೆ ಎಂದು ತಳ್ಳಲಿಲ್ಲ, ಅದರಿಂದಲೂ ಕಲಿತರು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಒಂದು ಶಾಖೆ ಎಂದರೆ ಏಕಾದಶಿ ಉಪವಾಸದವರು, ರಂಜಾನ್ ಉಪವಾಸದವರು, ಯಾವ ದೇವರನ್ನೂ ನಂಬದವರು ಎಲ್ಲರೂ ಇರುವ ಜಾಗ. ಒಬ್ಬರ ಹಬ್ಬದ ದಿನ ಇನ್ನೊಬ್ಬರು ಕೌಂಟರ್ ನೋಡಿಕೊಂಡರೆ ಕೆಲಸ ಸಾಗುತ್ತದೆ. ಆದರೆ ಸಂಜೆ ನಗದು ಲೆಕ್ಕ ತಾಳೆಯಾಗಲೇಬೇಕು. ಅದರಲ್ಲಿ ಯಾರಿಗೂ ವಿನಾಯಿತಿಯಿಲ್ಲ. ಯಾವುದರಲ್ಲಿ ಬಿಟ್ಟುಕೊಡಬಹುದು, ಯಾವುದರಲ್ಲಿ ಕೂಡದು ಎಂದು ಮೊದಲೇ ಮಾತಾಡಿಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಶಾಲೆಯಲ್ಲಿ ಗುಂಪಾಗಿ ಕೆಲಸ ಮಾಡುವಾಗ ಗೆಳೆಯ ಬೇರೆ ಮಾತು ಹೇಳಿದರೆ ‘ತಪ್ಪು’ ಎನ್ನುವ ಮೊದಲು ‘ಯಾಕೆ?’ ಎಂದು ಕೇಳಿ. ಆಮೇಲೆ ಇಬ್ಬರೂ ಹೋಗಿ ಮರ ನೋಡಿ, ಕಾಯಿ ಎಣಿಸಿ. ಅಜ್ಜ ಅಜ್ಜಿಯರೇ, ನಿಮ್ಮ ಕಾಲದ ಇಂಥ ‘ಯಾಕೆ’ಗಳಿದ್ದರೆ ಈ ಭಾನುವಾರ ಮೊಮ್ಮಕ್ಕಳಿಗೆ ಹೇಳಿ.